ಕ್ವಾರಿ ಟಿಪ್ಪರ್‌ನಿಂದ ಗಣಿ ಡಂಪರ್‌ವರೆಗೆ: ಟೈರ್ ಗಾಳಿ ಕಾಪಾಡಲು ಯಾವ ದಾರಿ ಸರಿ?

ಚಿಕ್ಕಮಗಳೂರು ಜಿಲ್ಲೆಯಲ್ಲಿ ಗಣಿ ಎಂದೊಡನೆ ಇಂದಿಗೂ ಜನರ ಬಾಯಿಗೆ ಬರುವ ಹೆಸರು ಕುದುರೆಮುಖ. ಸುಪ್ರೀಂ ಕೋರ್ಟ್ ಆದೇಶದಂತೆ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಈಗ ಈ ಜಿಲ್ಲೆಯಲ್ಲೂ ನೆರೆಯ ಹಾಸನದಲ್ಲೂ ಭಾರದ ವಾಹನ ಎಂದರೆ ಹೆಚ್ಚಾಗಿ ಕಲ್ಲು ಕ್ವಾರಿ, ಜಲ್ಲಿ ಕ್ರಷರ್, ಎಂ-ಸ್ಯಾಂಡ್ ಘಟಕಗಳ ಟಿಪ್ಪರ್ ಮತ್ತು ಲೋಡರ್‌ಗಳು. ಇಲ್ಲಿಂದ ಸಂಡೂರು, ಹೊಸಪೇಟೆ ಕಡೆಯ ಅದಿರಿನ ಗಣಿಗಳಿಗೆ ಡಂಪರ್ ಓಡಿಸಲು ಹೋದವರೂ ಇದ್ದಾರೆ. ವಾಹನದ ಗಾತ್ರ ಬೇರೆ ಬೇರೆ. ಟೈರ್ ಹಾಳಾಗುವ ಮೊದಲ ಕಾರಣ ಮಾತ್ರ ಎಲ್ಲ ಕಡೆಯೂ ಒಂದೇ: ಹೊರುವ ಭಾರಕ್ಕೆ ತಕ್ಕ ಗಾಳಿ ಒಳಗೆ ಇರುವುದಿಲ್ಲ.

ಕ್ರಷರ್ ಒಂದರ ವಾಹನಗಳ ಉಸ್ತುವಾರಿ ನನ್ನ ಕೆಲಸ. ಸೆನ್ಸರ್ ಹಾಕಿಸಬೇಕೇ, ನೈಟ್ರೋಜನ್ ತುಂಬಿಸಬೇಕೇ, ಒಳ್ಳೆಯ ಗೇಜ್ ಒಂದಿದ್ದರೆ ಸಾಲದೇ ಎಂದು ನಾಲ್ಕಾರು ಟಿಪ್ಪರ್ ಇಟ್ಟುಕೊಂಡವರು ಕೇಳುತ್ತಲೇ ಇರುತ್ತಾರೆ. ಮಾರುವವರು ಪ್ರತಿಯೊಂದನ್ನೂ ಸರ್ವರೋಗಕ್ಕೂ ಮದ್ದು ಎನ್ನುವಂತೆ ವರ್ಣಿಸುತ್ತಾರೆ. ಗಾಡಿ ಎಲ್ಲಿ ಓಡುತ್ತದೆ, ಟೈರ್ ಟ್ಯೂಬಿನದೋ ಟ್ಯೂಬ್‌ಲೆಸ್ಸೋ, ಗಾಳಿ ಕಡಿಮೆ ಎಂದು ತಿಳಿದ ಕೂಡಲೇ ಗಾಡಿ ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಆಯ್ಕೆ ತಾನಾಗಿ ಸುಲಭವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಜಾಗದಲ್ಲಿ ಎಷ್ಟು ದುಬಾರಿ ಸಾಧನ ತಂದರೂ ದುಡ್ಡು ನೀರಿಗೆ ಹಾಕಿದ ಹಾಗೆ.

ತಣ್ಣನೆಯ ಗಾಳಿಯ ಲೆಕ್ಕ

ಯಾವ ದಾರಿ ಹಿಡಿದರೂ ಈ ಲೆಕ್ಕ ತಿಳಿಯದೆ ಮುಂದೆ ಹೋಗುವಂತಿಲ್ಲ. ಗಾಳಿಯ ಒತ್ತಡವನ್ನು ಪಂಕ್ಚರ್ ಅಂಗಡಿಯ ರೂಢಿಯಂತೆ ನಾನು ಪೌಂಡ್ (ಚದರ ಇಂಚಿಗೆ ಇಷ್ಟು ಪೌಂಡ್, ಅಂದರೆ ಪಿಎಸ್‌ಐ) ಎಂದೇ ಬರೆಯುತ್ತೇನೆ. ಯಂತ್ರದ ಕೈಪಿಡಿಯಲ್ಲಿ ಬಾರ್ ಅಥವಾ ಕೆಪಿಎ ಇದ್ದರೆ ಒಂದು ಬಾರ್, ಅಂದರೆ 100 ಕೆಪಿಎ, 14.5 ಪೌಂಡ್‌ಗೆ ಸಮ.

ಟೈರ್ ಕಂಪನಿಯ ಭಾರ ಮತ್ತು ಗಾಳಿಯ ಪಟ್ಟಿಯಲ್ಲಿರುವ ಅಂಕಿ ತಣ್ಣಗಿರುವ ಟೈರ್‌ನದು. ಟಿಪ್ಪರ್ ಟೈರ್ ತಣ್ಣಗಾಗಲು ನೆರಳಿನಲ್ಲಿ ಮೂರು ನಾಲ್ಕು ಗಂಟೆ ಬೇಕು. ಗಣಿ ಡಂಪರ್‌ನ ದಪ್ಪ ಟೈರ್ ಪೂರ್ತಿ ತಣಿಯಲು ಒಂದು ಇಡೀ ದಿನ ಹಿಡಿಯುತ್ತದೆ. ಓಡಿದ ಟೈರ್‌ನಲ್ಲಿ ಒತ್ತಡ ಏರುವುದು ಸಹಜ. ಬೆಳಿಗ್ಗೆ 25 ಡಿಗ್ರಿಯಲ್ಲಿ 110 ಪೌಂಡ್ ಇದ್ದ ಟೈರ್, ಲೋಡ್ ಹೊತ್ತು ಓಡಿ ಒಳಗಿನ ಗಾಳಿ 68 ಡಿಗ್ರಿಗೆ ಕಾದರೆ ಸುಮಾರು 128 ಪೌಂಡ್ ತೋರಿಸುತ್ತದೆ. ಅದನ್ನು ಕಂಡ ಕ್ಲೀನರ್ ಗಾಳಿ ಹೆಚ್ಚಾಯಿತೆಂದು ಪಿನ್ ಒತ್ತಿ 110ಕ್ಕೆ ಇಳಿಸಿದ ಎಂದುಕೊಳ್ಳಿ. ಮರುದಿನ ಬೆಳಿಗ್ಗೆ ಅದೇ ಟೈರ್‌ನಲ್ಲಿ ಉಳಿಯುವುದು 95ರ ಆಸುಪಾಸು. ಆ ಕಡಿಮೆ ಗಾಳಿಯಲ್ಲಿ ಲೋಡ್ ಹೊತ್ತಾಗ ಟೈರ್‌ನ ಪಕ್ಕದ ಗೋಡೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ. ಕಾದಾಗ ಒತ್ತಡ ಮತ್ತೆ ಏರಿ ಇನ್ನೊಬ್ಬರು ಮತ್ತೆ ಗಾಳಿ ಬಿಡುತ್ತಾರೆ. ಪದರ ಬಿಟ್ಟುಕೊಂಡು ಬಂದ ಎಷ್ಟೋ ಟೈರ್‌ಗಳ ಹಿಂದೆ ಈ ಒಳ್ಳೆಯ ಉದ್ದೇಶದ ಕೈ ಇರುತ್ತದೆ. ಬಿಸಿ ಟೈರ್‌ನಿಂದ ಗಾಳಿ ಬಿಡಬಾರದು. ಈ ಒಂದು ನಿಯಮಕ್ಕೆ ನಮ್ಮಲ್ಲಿ ವಿನಾಯಿತಿ ಇಲ್ಲ.

ಋತುವಿನ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿಯಲ್ಲಿ ನಿಂತಿದ್ದ ಗಾಡಿಗೆ 110 ತುಂಬಿಸಿದರೆ, ಡಿಸೆಂಬರ್‌ನ 14 ಡಿಗ್ರಿಯ ಬೆಳಿಗ್ಗೆ, ಒಂದು ಹನಿ ಗಾಳಿ ಸೋರದಿದ್ದರೂ, ಗೇಜ್ 102 ತೋರಿಸುತ್ತದೆ. ಹಾಸನ ಮತ್ತು ಚಿಕ್ಕಮಗಳೂರಿನ ಚಳಿ ಶುರುವಾದ ವಾರದಲ್ಲಿ ಎಲ್ಲ ಟೈರ್‌ಗಳನ್ನೂ ಮತ್ತೊಮ್ಮೆ ಅಳೆಯಬೇಕು ಎನ್ನುವುದು ಇದಕ್ಕೇ. ಎತ್ತರದ ಪ್ರಶ್ನೆಯನ್ನೂ ಕೆಲವರು ಎತ್ತುತ್ತಾರೆ. ಮಂಗಳೂರಿನಲ್ಲಿ ಗಾಳಿ ಹಿಡಿಸಿ ಶಿರಾಡಿ ಹತ್ತಿ ಸಕಲೇಶಪುರಕ್ಕೆ ಬಂದರೆ ಗೇಜ್ ಒಂದೂವರೆ ಪೌಂಡ್‌ನಷ್ಟು ಹೆಚ್ಚು ತೋರಿಸಬಹುದು, ಅಷ್ಟೇ. ಅದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಪಾಳಿ ಮೇಲೆ ಪಾಳಿ ಓಡುವ ಗಣಿ ಡಂಪರ್ ತಣ್ಣಗಾಗುವುದೇ ಅಪರೂಪ. ಅಲ್ಲಿ ಒಂದೇ ಆಕ್ಸಲ್‌ನ ಟೈರ್‌ಗಳನ್ನು ಒಂದೇ ಹೊತ್ತಿಗೆ ಅಳೆದು ಪರಸ್ಪರ ಹೋಲಿಸಬೇಕು. ಉಳಿದವು 120ರ ಸುತ್ತ ಇರುವಾಗ ಒಂದು 108ರಲ್ಲಿದ್ದರೆ ಸೋರಿಕೆ ಅಲ್ಲೇ ಇದೆ.

ಗೇಜ್ ಮತ್ತು ಪುಸ್ತಕ

ಕಬ್ಬಿಣದ ರಾಡಿನಿಂದ ಟೈರ್‌ಗೆ ಬಡಿದು ಶಬ್ದ ಕೇಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಪೂರ್ತಿ ಕೂತ ಟೈರ್ ಯಾವುದು, ನಿಂತಿರುವುದು ಯಾವುದು ಎಂಬಷ್ಟು ಅದರಿಂದ ಗೊತ್ತಾಗುತ್ತದೆ. 110 ಪೌಂಡಿನ ಟೈರ್ ಮತ್ತು 85 ಪೌಂಡಿನ ಟೈರ್ ಎರಡೂ ರಾಡಿಗೆ ಹೆಚ್ಚು ಕಡಿಮೆ ಒಂದೇ ದನಿಯಲ್ಲಿ ಉತ್ತರ ಕೊಡುತ್ತವೆ. ನಮ್ಮ ಹಣ ಸೋರಿಹೋಗುವುದು ಆ ಇಪ್ಪತ್ತೈದು ಪೌಂಡಿನ ನಡುವೆಯೇ. ಹಾಗಾಗಿ ರಾಡನ್ನು ನಾನು ಆಯ್ಕೆಗಳ ಪಟ್ಟಿಗೇ ಸೇರಿಸುವುದಿಲ್ಲ.

ಕೈಯಲ್ಲಿ ಹಿಡಿಯುವ ಗೇಜ್ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಖಚಿತ. ಆದರೆ ಅದು ಕೇಳುವ ಶ್ರಮ ದೊಡ್ಡದು. ಹತ್ತು ಚಕ್ರದ ಟಿಪ್ಪರ್‌ನ ಹಿಂದಿನ ಒಳ ಟೈರ್ ಅಳೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಬೆಳಗಿನ ಮಬ್ಬಿನಲ್ಲಿ ಮೊಬೈಲ್ ಟಾರ್ಚ್ ಹಿಡಿದು ಕ್ಲೀನರ್ ಕುಕ್ಕರುಗಾಲಲ್ಲಿ ಕೂರುತ್ತಾನೆ. ಹೊರಗಿನ ಡಿಸ್ಕಿನ ರಂಧ್ರದಲ್ಲಿ ನಿನ್ನೆಯ ಕೆಮ್ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಸ್ಕ್ರೂಡ್ರೈವರ್‌ನಿಂದ ಕೆರೆದು, ಎರಡು ಬೆರಳು ಒಳಗೆ ತೂರಿಸಿ, ವಾಲ್ವ್ ಕ್ಯಾಪ್ ತಿರುಗಿಸಿ ತೆಗೆಯಬೇಕು. ಗೇಜ್‌ನ ಮೂತಿ ವಾಲ್ವಿಗೆ ನೇರವಾಗಿ ಕೂರದಿದ್ದರೆ ಪುಸ್ ಎಂದು ಗಾಳಿ ಹೊರಬರುತ್ತದೆ, ಅಂಕಿ ಸುಳ್ಳಾಗುತ್ತದೆ. ಇಂಥ ಟೈರ್ ಒಂದು ಗಾಡಿಗೆ ನಾಲ್ಕು. ಮಳೆಗಾಲದಲ್ಲಿ ಅವನು ಹೊರಗಿನ ಟೈರ್ ಅಳೆದು ಒಳಗಿನದಕ್ಕೂ ಅದೇ ಅಂಕಿ ಬರೆದರೆ ಅವನನ್ನು ಬೈಯುವ ಮೊದಲು ಅವನ ಕೈಗೆ ಸರಿಯಾದ ಸಲಕರಣೆ ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಎರಡು ಮೂತಿಯ ಉದ್ದನೆಯ ಗೇಜ್ ಸಿಗುತ್ತದೆ, ಒಂದು ಮೂತಿ ಹಿಂದಕ್ಕೆ ಬಾಗಿರುತ್ತದೆ. ಒಳ ಟೈರ್‌ಗೆ ಅದೇ ಬೇಕು.

ಒಳ ಟೈರ್ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣವಿದೆ. ಈಗಿನ ನಿಯಮದಂತೆ ಹಿಂದಿನ ಜೋಡಿ ಆಕ್ಸಲ್ 21 ಟನ್ ಹೊರಬಹುದು. ಎಂಟು ಟೈರ್‌ಗೆ ಹಂಚಿದರೆ ತಲಾ 2.6 ಟನ್. ಜೋಡಿಯಲ್ಲಿ ಒಂದು ಕೂತರೆ ಪಕ್ಕದ್ದರ ಮೇಲೆ ಐದು ಟನ್ನಿಗೂ ಹೆಚ್ಚು ಬೀಳುತ್ತದೆ. ಹೊರಗಿನಿಂದ ನೋಡಿದವರಿಗೆ ಎರಡೂ ನಿಂತಂತೆಯೇ ಕಾಣುತ್ತವೆ. ಹೀಗೆ ಒಂದರ ಸೋರಿಕೆ ಎರಡು ಟೈರ್‌ಗಳನ್ನು ತಿನ್ನುತ್ತದೆ.

ಗೇಜ್ ಹಿಡಿಯುವವರಿಗೆ ನನ್ನ ಸಲಹೆ ಇಷ್ಟು. ಕೆಲಸದ ಗೇಜ್‌ಗಳ ಜೊತೆ ಯಾರೂ ಮುಟ್ಟದ ಇನ್ನೊಂದು ಒಳ್ಳೆಯ ಗೇಜ್ ಕಚೇರಿಯಲ್ಲಿರಲಿ. ವಾರಕ್ಕೊಮ್ಮೆ ಒಂದೇ ಟೈರ್‌ಗೆ ಎರಡನ್ನೂ ಹಿಡಿದು ಹೋಲಿಸಿ. ಕೆಳಗೆ ಬಿದ್ದು ಏಟು ತಿಂದ ಗೇಜ್ ಐದಾರು ಪೌಂಡ್ ಸುಳ್ಳು ಹೇಳುವುದು ಸಾಮಾನ್ಯ. ಪುಸ್ತಕದಲ್ಲಿ ತುಂಬುವ ಮೊದಲಿನ ಅಂಕಿಯನ್ನೂ ತುಂಬಿದ ನಂತರದ ಅಂಕಿಯನ್ನೂ ಬೇರೆ ಬೇರೆ ಬರೆಯಿಸಿ. ಮೊದಲಿನ ಅಂಕಿಯೇ ಮುಖ್ಯ: ಅದೇ ಟೈರ್ ಪ್ರತಿ ವಾರ ಎಂಟು ಪೌಂಡ್ ಕೇಳುತ್ತಿದ್ದರೆ ಅದಕ್ಕೆ ಬೇಕಾದದ್ದು ರಿಪೇರಿ. ವಾಲ್ವ್ ಪಿನ್ನಿನ ಮೇಲೆ ಸೋಪು ನೀರಿನ ಒಂದು ತೊಟ್ಟು ಬಿಟ್ಟು ನೋಡಿ, ಅರ್ಧ ಸೋರಿಕೆಗಳು ಅಲ್ಲೇ ಸಿಕ್ಕಿಬೀಳುತ್ತವೆ. ಲೋಹದ ಕ್ಯಾಪ್ ಹಾಕಿದರೆ ದೂಳು ಪಿನ್ನಿಗೆ ಇಳಿಯುವುದಿಲ್ಲ.

ಮೂತಿಯ ಸೆನ್ಸರ್, ಒಳಗಿನ ಸೆನ್ಸರ್

ಮಾರುಕಟ್ಟೆಯಲ್ಲಿ ಈಗ ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ಎರಡೂ ಮಾಡುವ ಕೆಲಸ ಮೇಲ್ನೋಟಕ್ಕೆ ಒಂದೇ: ಪ್ರತಿ ಟೈರ್‌ನ ಒತ್ತಡವನ್ನು ರೇಡಿಯೊ ಸಂಕೇತದಲ್ಲಿ ಕ್ಯಾಬಿನ್‌ನ ಪರದೆಗೆ ಕಳಿಸುವುದು, ಮಿತಿ ದಾಟಿದರೆ ಕೂಗುವುದು. ಒಂದು ವಾಲ್ವ್ ಕ್ಯಾಪ್‌ನ ಜಾಗದಲ್ಲಿ ಹೊರಗೆ ಕೂರುತ್ತದೆ. ಇನ್ನೊಂದು ಟೈರ್‌ನ ಒಳಗೆ, ವಾಲ್ವಿನ ಬುಡಕ್ಕೋ ರಿಮ್ಮಿಗೋ ಟೈರ್‌ನ ಒಳಮೈಗೋ ಅಂಟಿಕೊಂಡಿರುತ್ತದೆ.

ಮೂತಿಯ ಸೆನ್ಸರ್ ಹಾಕಲು ಟೈರ್ ಬಿಚ್ಚಬೇಕಿಲ್ಲ. ಟ್ಯೂಬ್ ಇರುವ ಟೈರ್‌ಗೂ ಕೂರುತ್ತದೆ. ಹಳೆಯ ಟಿಪ್ಪರ್‌ಗಳಲ್ಲಿ 10.00-20 ಅಳತೆಯ ಟ್ಯೂಬ್ ಟೈರ್ ಇನ್ನೂ ಓಡುತ್ತಿರುವುದರಿಂದ ಇದು ಸಣ್ಣ ಅನುಕೂಲವಲ್ಲ, ಏಕೆಂದರೆ ಒಳಗಿನ ಸೆನ್ಸರ್‌ಗೆ ಟ್ಯೂಬ್‌ಲೆಸ್ ಟೈರೇ ಬೇಕು. ಟೈರ್ ಬದಲಾದರೆ ಮೂತಿಯ ಸೆನ್ಸರನ್ನು ತಿರುಗಿಸಿ ತೆಗೆದು ಇನ್ನೊಂದಕ್ಕೆ ಹಾಕಬಹುದು, ಸೆಲ್ ಮುಗಿದರೆ ಕೆಲವು ಮಾದರಿಗಳಲ್ಲಿ ನಾವೇ ಬದಲಿಸಬಹುದು. ಅನಾನುಕೂಲವೂ ಅದರಷ್ಟೇ ಕಣ್ಣಿಗೆ ಕಾಣುವಂಥದ್ದು. ಕ್ವಾರಿಯೊಳಗಿನ ಚೂಪುಗಲ್ಲು ತಾಗಿದರೆ ಒಡೆಯುತ್ತದೆ. ರಾತ್ರಿ ರಸ್ತೆಬದಿ ನಿಂತ ಗಾಡಿಯಿಂದ ಕಳುವಾಗುತ್ತದೆ. ಒಳ ಟೈರ್‌ಗೆ ವಾಲ್ವ್ ಉದ್ದ ಮಾಡುವ ಕೊಳವೆ ಜೋಡಿಸಬೇಕು. ಆ ಕೊಳವೆಯ ತುದಿಗೆ ಸೆನ್ಸರ್‌ನ ಭಾರ ಸೇರಿ, ಕುಲುಕಾಟಕ್ಕೆ ಸಡಿಲವಾಗಿ, ಸೋರಿಕೆ ಹಿಡಿಯಲು ಹಾಕಿದ ಸಾಧನವೇ ಸೋರಿಕೆಗೆ ದಾರಿ ಮಾಡಿಕೊಡುತ್ತದೆ. ಕೊಳವೆಯನ್ನು ಡಿಸ್ಕಿಗೆ ಭದ್ರವಾಗಿ ಕಟ್ಟುವ ಕ್ಲಿಪ್ ಇಲ್ಲದೆ ಒಳ ಟೈರ್‌ಗೆ ಮೂತಿಯ ಸೆನ್ಸರ್ ಹಾಕಿಸಲೇಬೇಡಿ.

ಇಷ್ಟು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ವಿಷಯ ಉಷ್ಣಾಂಶದ್ದು, ಆಯ್ಕೆಯ ತಿರುವು ಇರುವುದೂ ಅಲ್ಲೇ. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ: ತಣ್ಣಗೆ 110 ಇದ್ದದ್ದು ಕಾದಾಗ 128. ಈಗ ಮೊಳೆಯೊಂದು ಚುಚ್ಚಿ ನಿಧಾನವಾಗಿ 15 ಪೌಂಡ್ ಹೋಗಿದೆ. ಪರದೆಯಲ್ಲಿ ಕಾಣುವುದು 113. ಚಾಲಕನಿಗೆ ಬಾಯಿಪಾಠವಾಗಿರುವುದು 110, ಹಾಗಾಗಿ ಅವನು ನಿಶ್ಚಿಂತನಾಗಿ ಗೇರ್ ಹಾಕುತ್ತಾನೆ. ನಿಜದಲ್ಲಿ ಆ ಟೈರ್‌ಗೆ ತಣ್ಣನೆಯ ಲೆಕ್ಕದಲ್ಲಿ ಉಳಿದಿರುವುದು 97 ಮಾತ್ರ. ಬಿಸಿಯು ಸೋರಿಕೆಯನ್ನು ಮುಚ್ಚಿಟ್ಟಿತು. ಇದನ್ನು ಬಯಲಿಗೆಳೆಯಬೇಕಾದರೆ ಸಾಧನಕ್ಕೆ ಒಳಗಿನ ಗಾಳಿಯ ಉಷ್ಣಾಂಶ ಗೊತ್ತಿರಬೇಕು, ಆಗ ಅದು ತಣ್ಣನೆಯ ಲೆಕ್ಕಕ್ಕೆ ಇಳಿಸಿ ಎಚ್ಚರಿಸಬಲ್ಲದು. ಮೂತಿಯ ಸೆನ್ಸರ್ ತೋರಿಸುವ ಉಷ್ಣಾಂಶ ವಾಲ್ವಿನ ತುದಿಯದು, ಹೊರಗಿನ ಗಾಳಿ ಬೀಸಿ ತಂಪಾದದ್ದು. ಕೆಸರು ಮೆತ್ತಿದರೆ ಇನ್ನೊಂದು ಅಂಕಿ, ಮಳೆ ಬಂದರೆ ಮತ್ತೊಂದು. ಒಳಗಿನ ಸೆನ್ಸರ್ ಮಾತ್ರ ಟೈರ್‌ನ ಒಳಗಿನ ಕಾವನ್ನು ಹೇಳಬಲ್ಲದು.

ಇದರಿಂದ ಎರಡು ಮಾತು ಹೊರಡುತ್ತವೆ. ಮೂತಿಯ ಸೆನ್ಸರ್ ಹಾಕಿಸಿದವರು ಅದನ್ನು ದಿಢೀರ್ ಸೋರಿಕೆಯ ಗಂಟೆ ಎಂದು ನಂಬಬಹುದು, ದಿನದ ಅಳತೆ ಎಂದು ನಂಬಬಾರದು. ಬೆಳಗಿನ ತಣ್ಣನೆಯ ಅಂಕಿಯನ್ನು ಅದರ ಪರದೆಯಲ್ಲೇ ನೋಡಿ ಬರೆದುಕೊಂಡರೆ ಗೇಜ್‌ನ ಶ್ರಮ ಉಳಿಯುತ್ತದೆ, ಅದು ನಿಜವಾದ ಲಾಭ. ಇನ್ನು ಒಳಗಿನ ಸೆನ್ಸರ್ ಕೊಳ್ಳುವವರು, ಅದು ಉಷ್ಣಾಂಶ ಹೊಂದಿಸಿದ ಒತ್ತಡವನ್ನು ತೋರಿಸುತ್ತದೆಯೇ ಎಂದು ಮೊದಲು ಕೇಳಬೇಕು. ಬರೀ ಕಚ್ಚಾ ಅಂಕಿ ತೋರಿಸುವುದಾದರೆ ಟೈರ್ ಬಿಚ್ಚಿ ಹಾಕಿಸಿದ ಖರ್ಚಿಗೆ ಅರ್ಥವೇ ಇಲ್ಲ.

ಒಳಗಿನದಕ್ಕೂ ತೊಡಕುಗಳಿವೆ. ಸೆಲ್ ಮುಗಿದರೆ ಹೆಚ್ಚಿನವುಗಳಲ್ಲಿ ಸೆನ್ಸರೇ ಬದಲಾಗಬೇಕು. ಟೈರ್ ಬಿಚ್ಚುವಾಗ ಲಿವರ್ ತಾಗಿದರೆ ಒಡೆಯುತ್ತದೆ, ಆದ್ದರಿಂದ ಸೆನ್ಸರ್ ಇರುವ ಚಕ್ರದ ಡಿಸ್ಕಿನ ಮೇಲೆ ಬಣ್ಣದ ಗುರುತು ಬೇಕು. ರೀಟ್ರೆಡ್‌ಗೆ, ಅಂದರೆ ಸವೆದ ಮೇಲ್ಪದರ ಹೊಸದಾಗಿ ಹಾಕಿಸಲು, ಕಳಿಸುವ ಟೈರ್‌ನ ಒಳಮೈಗೆ ಅಂಟಿಸಿದ್ದರೆ ಕಳಿಸುವ ಮೊದಲೇ ತೆಗೆಯಬೇಕು. ಬಾಡಿಗೆಗೆ ಬರುವ ಗಾಡಿಗಳನ್ನು ನಂಬಿ ನಡೆಯುವ ಕ್ರಷರ್‌ಗಳಲ್ಲಿ ಟೈರ್ ಅದಲು ಬದಲಾಗುತ್ತಲೇ ಇರುತ್ತದೆ, ಅಲ್ಲಿ ಒಳಗಿನ ಸೆನ್ಸರ್ ಲೆಕ್ಕ ಇಡುವುದೇ ಒಂದು ಕೆಲಸವಾಗುತ್ತದೆ.

ಪರದೆ ಎಲ್ಲಿರಬೇಕು ಎಂಬುದೂ ಆಯ್ಕೆಯ ಭಾಗ. ಕ್ಯಾಬಿನ್‌ನಲ್ಲಿ ಮಾತ್ರ ಇದ್ದರೆ, ಟ್ರಿಪ್ ಲೆಕ್ಕದಲ್ಲಿ ಸಂಬಳ ಪಡೆಯುವ ಚಾಲಕ ಕೂಗುವ ಸಾಧನದ ದನಿ ಇಳಿಸಿ ಮುಂದೆ ಹೋಗುತ್ತಾನೆ. ಗಾಡಿ ನಿಂತರೆ ನಷ್ಟ ಅವನದೇ ಅಲ್ಲವೇ? ಮೊಬೈಲ್ ಜಾಲದ ಮೂಲಕ ಕಚೇರಿಗೂ ಎಚ್ಚರಿಕೆ ಬರುವ ಮಾದರಿ ಮೇಲು. ಅದಕ್ಕಿಂತ ಮೇಲು, ಟೈರ್‌ಗಾಗಿ ನಿಂತ ಹೊತ್ತನ್ನು ಚಾಲಕನ ಟ್ರಿಪ್ ಲೆಕ್ಕದಿಂದ ಕಳೆಯುವುದಿಲ್ಲ ಎಂದು ಮಾಲೀಕರು ಬಾಯಿಬಿಟ್ಟು ಹೇಳುವುದು. ಮಲೆನಾಡಿನ ಕಣಿವೆಗಳಲ್ಲಿ ಜಾಲ ಸಿಗದ ಜಾಗ ಬೇಕಾದಷ್ಟಿವೆ, ಹಾಗಾಗಿ ಸಿಗ್ನಲ್ ಇಲ್ಲದಾಗ ಅಂಕಿಗಳನ್ನು ಕೂಡಿಟ್ಟು ಆಮೇಲೆ ಕಳಿಸುವ ಸಾಮರ್ಥ್ಯ ಇದೆಯೇ ಎಂದೂ ನೋಡಿ.

ನೈಟ್ರೋಜನ್: ಯಾವುದಕ್ಕೆ ಹೌದು, ಯಾವುದಕ್ಕೆ ಅಲ್ಲ

ನೈಟ್ರೋಜನ್ ತುಂಬಿಸಿದರೆ ಬಿಸಿಗೆ ಒತ್ತಡ ಏರುವುದಿಲ್ಲ ಎಂಬ ಮಾತು ತಪ್ಪು. ಒಣ ಗಾಳಿಯೂ ನೈಟ್ರೋಜನ್ನೂ ಕಾವಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ವ್ಯತ್ಯಾಸ ಮಾಡುವುದು ತೇವ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಕಂಪ್ರೆಸರ್ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿದರೆ ಕಂದು ನೀರು ಹೊರಬರುವುದನ್ನು ಯಾರು ಬೇಕಾದರೂ ನೋಡಬಹುದು. ಆ ನೀರು ಟೈರ್‌ಗೆ ಹೋದರೆ ರಿಮ್ ತುಕ್ಕು ಹಿಡಿಯುತ್ತದೆ, ಅಂಕಿಯೂ ಏರುಪೇರಾಗುತ್ತದೆ. ಪ್ರತಿದಿನ ಆ ನಲ್ಲಿ ಬಿಟ್ಟು ನೀರು ತೆಗೆಯುವುದು, ಸಾಲಿನಲ್ಲಿ ತೇವ ಹಿಡಿಯುವ ಫಿಲ್ಟರ್ ಹಾಕುವುದು ಸಾಮಾನ್ಯ ಟಿಪ್ಪರ್‌ಗಳಿಗೆ ಸಾಕು.

ಹಾಗಾದರೆ ದೊಡ್ಡ ಗಣಿಗಳಲ್ಲಿ ನೈಟ್ರೋಜನ್ ಏಕೆ? ಬೆಂಕಿಯ ಭಯಕ್ಕೆ. ಬ್ರೇಕ್ ವಿಪರೀತ ಕಾದು ಆ ಕಾವು ರಿಮ್ಮಿಗೆ ಹರಿದಾಗ, ಅಥವಾ ವಿದ್ಯುತ್ ತಂತಿ ತಾಗಿ ಟೈರ್ ಮೂಲಕ ಕರೆಂಟ್ ಹರಿದಾಗ, ಒಳಗಿನ ರಬ್ಬರ್ ಕರಗಿ ಕೊಳೆತಂತಾಗಿ ಉರಿಯುವ ಅನಿಲ ಬಿಡುತ್ತದೆ. ಒಳಗೆ ಆಮ್ಲಜನಕ ಇದ್ದರೆ ಅದು ಹೊತ್ತಿಕೊಂಡು ಟೈರ್ ಬಾಂಬಿನಂತೆ ಸಿಡಿಯುತ್ತದೆ. ಹೊರಗೆ ಬೆಂಕಿ, ಹೊಗೆ ಯಾವುದೂ ಕಾಣದಿರಬಹುದು, ಕರೆಂಟ್ ತಾಗಿ ಗಂಟೆಗಳಾದ ಮೇಲೂ ಸಿಡಿಯಬಹುದು. ಕ್ವಾರಿಯಲ್ಲಿ ಟ್ರಾಲಿ ಎತ್ತಿದ ಟಿಪ್ಪರ್ ಮೇಲಿನ ತಂತಿಗೆ ತಾಗುವ ಅಪಾಯ ಯಾವಾಗಲೂ ಇರುವುದರಿಂದ ಇದನ್ನು ಬರೀ ದೊಡ್ಡ ಗಣಿಯ ವಿಷಯ ಎನ್ನುವಂತಿಲ್ಲ. ಹಾಗೆ ಆದರೆ ಎಲ್ಲರೂ ಕನಿಷ್ಠ 300 ಮೀಟರ್ ದೂರ ಹೋಗಬೇಕು, 24 ಗಂಟೆ ಯಾರೂ ಗಾಡಿಯ ಹತ್ತಿರ ಸುಳಿಯಬಾರದು. ಟೈರ್ ನೋಡಿ ಬರುತ್ತೇನೆ, ಗಾಳಿ ಬಿಟ್ಟು ಬರುತ್ತೇನೆ ಎಂದು ಹೊರಟವರನ್ನು ಕೈ ಹಿಡಿದು ತಡೆಯಿರಿ.

ನೈಟ್ರೋಜನ್‌ನಿಂದ ಈ ರಕ್ಷಣೆ ಸಿಗಬೇಕಾದರೆ ಒಳಗಿನ ಆಮ್ಲಜನಕ ಶೇ 5ರ ಸುತ್ತಮುತ್ತ ಅಥವಾ ಅದಕ್ಕೂ ಕೆಳಗೆ ಇಳಿಯಬೇಕು. ಖಾಲಿ ಟೈರ್‌ಗೆ ಶುದ್ಧ ನೈಟ್ರೋಜನ್ 110 ಪೌಂಡ್‌ವರೆಗೆ ತುಂಬಿದರೆ ಆಮ್ಲಜನಕ ಶೇ 2.3ರಷ್ಟು ಉಳಿಯುತ್ತದೆ, ಚೆನ್ನಾಗಿದೆ. ಅದೇ ಟೈರ್‌ಗೆ ಆಮೇಲೆ ಹೆದ್ದಾರಿಯ ಪಂಕ್ಚರ್ ಅಂಗಡಿಯಲ್ಲಿ 20 ಪೌಂಡ್ ಮಾಮೂಲಿ ಗಾಳಿ ಸೇರಿಸಿದರೆ ಆ ಅಂಕಿ ಶೇ 5 ದಾಟುತ್ತದೆ. ಅಂದರೆ ನಿಮ್ಮದೇ ಆವರಣದಲ್ಲಿ ನೈಟ್ರೋಜನ್ ಯಂತ್ರವಿದ್ದು, ಪ್ರತಿ ಬಾರಿಯೂ ಅದರಿಂದಲೇ ತುಂಬುವಂತಿದ್ದರೆ ಮಾತ್ರ ಇದು ಸರಿಯಾದ ಖರ್ಚು. ಪಟ್ಟಣದಲ್ಲಿ ಒಮ್ಮೆ ತುಂಬಿಸಿಕೊಂಡು ಬರುವುದರಿಂದ ಟಿಪ್ಪರ್ ಮಾಲೀಕರಿಗೆ ದೊಡ್ಡ ಉಪಯೋಗವಿಲ್ಲ. ಶಿರಾಡಿ ಇಳಿಯುವ ಲೋಡ್ ಗಾಡಿಯಲ್ಲಿ ಬ್ರೇಕ್ ಕಾಯದಂತೆ ಕಡಿಮೆ ಗೇರ್ ಮತ್ತು ಎಕ್ಸಾಸ್ಟ್ ಬ್ರೇಕ್ ಬಳಸುವ ಚಾಲಕ ಅದಕ್ಕಿಂತ ಹೆಚ್ಚಿನ ರಕ್ಷಣೆ ಕೊಡುತ್ತಾನೆ.

ಉಳಿದ ದಾರಿಗಳು

ಕ್ಯಾಬಿನ್‌ನಿಂದಲೇ ಗಾಳಿ ಏರಿಸಿ ಇಳಿಸುವ ವ್ಯವಸ್ಥೆ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಬಳಸಿದ, ನೀರಿನಲ್ಲೂ ನೆಲದಲ್ಲೂ ಓಡುವ ಡಕ್ ಟ್ರಕ್ಕಿನಲ್ಲೇ ಇತ್ತು. ಮಣ್ಣಿನ ದಾರಿಯಲ್ಲಿ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ, ಡಾಂಬರಿಗೆ ಬಂದಾಗ ಏರಿಸಬಹುದು. ಹೊರದೇಶಗಳಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಗಳಿಗೆ ಒಗ್ಗಿದೆ. ನಮ್ಮ ಕ್ವಾರಿ ಟಿಪ್ಪರ್‌ಗೆ ಇದನ್ನು ನಾನು ಸೂಚಿಸುವುದಿಲ್ಲ. ಆಕ್ಸಲ್‌ನ ಸೀಲು, ಹೋಸು ಕೆಟ್ಟರೆ ಹತ್ತಿರದಲ್ಲಿ ರಿಪೇರಿ ಸಿಗಬೇಕಲ್ಲ! ಇಳಿಸಿದ ಗಾಳಿಯಲ್ಲೇ ವೇಗವಾಗಿ ಓಡಿಸಿದರೆ ಟೈರ್ ಕೈಬಿಡುತ್ತದೆ ಎಂಬುದು ಬೇರೆ.

ಜೋಡಿ ಟೈರ್‌ಗಳ ನಡುವೆ ಹೋಸು ಹಾಕಿ ಎರಡರ ಗಾಳಿಯನ್ನೂ ಸಮ ಮಾಡುವ ಸಾಧನ ಸರಳವಾಗಿದೆ, ಬ್ಯಾಟರಿ ಬೇಡ. ಒಂದು ಟೈರ್ ಒಡೆದರೆ ಇನ್ನೊಂದರ ಗಾಳಿ ಹೋಗದಂತೆ ತಾನೇ ಮುಚ್ಚಿಕೊಳ್ಳುವ ಮಾದರಿಯನ್ನೇ ತೆಗೆದುಕೊಳ್ಳಬೇಕು. ಹೆದ್ದಾರಿಯಲ್ಲಿ ಹೆಚ್ಚು ಓಡುವ ಗಾಡಿಗೆ ಇದು ಒಳ್ಳೆಯದು. ಕ್ವಾರಿಯ ಒಳಗೇ ತಿರುಗುವ ಗಾಡಿಯಲ್ಲಿ ಹೋಸಿಗೆ ಕಲ್ಲು ತಾಗುವುದು ಖಚಿತ.

ಕ್ರಷರ್ ಅಂಗಳದಲ್ಲಿ ಕಲ್ಲಿನ ಮೇಲೆಯೇ ಓಡಾಡುವ ಲೋಡರ್‌ಗೆ ಟೈರ್ ತುಂಬ ಫೋಮ್ ತುಂಬಿಸುವ ಪದ್ಧತಿಯೂ ಇದೆ. ಪಂಕ್ಚರ್ ಎಂಬ ಮಾತೇ ಇರುವುದಿಲ್ಲ. ತೂಕ ಬಹಳ ಹೆಚ್ಚುತ್ತದೆ, ಕಾವು ಹೊರಗೆ ಹೋಗಲು ದಾರಿ ಇರುವುದಿಲ್ಲ. ನಿಧಾನವಾಗಿ, ಕಡಿಮೆ ದೂರ ಓಡುವ ಯಂತ್ರಕ್ಕೆ ಮಾತ್ರ ಸರಿ.

ಯಾರಿಗೆ ಯಾವುದು

ನಾಲ್ಕೈದು ಟಿಪ್ಪರ್ ಇಟ್ಟುಕೊಂಡು ಟ್ಯೂಬ್ ಟೈರ್ ಓಡಿಸುವವರು ಎರಡು ಮೂತಿಯ ಗೇಜ್, ಪುಸ್ತಕ, ಗಾಳಿ ನೋಡಲೆಂದೇ ಗೊತ್ತುಮಾಡಿದ ಒಬ್ಬ ಮನುಷ್ಯ, ಇಷ್ಟರಿಂದ ಆರಂಭಿಸಿ. ಮಾಲೀಕರೇ ಆಗಾಗ ಕೂತು ಒಂದು ಗಾಡಿಯ ಹತ್ತೂ ಟೈರ್ ಅಳೆದು ಪುಸ್ತಕದ ಅಂಕಿಯೊಂದಿಗೆ ತಾಳೆ ನೋಡಿದರೆ ಆ ಪುಸ್ತಕ ಜೀವಂತವಾಗಿರುತ್ತದೆ. ಕೈಯಲ್ಲಿ ಇನ್ನಷ್ಟು ಹಣವಿದ್ದರೆ ಹಿಂದಿನ ಒಳ ಟೈರ್‌ಗಳಿಗೆ ಮಾತ್ರ, ಕ್ಲಿಪ್ ಹಾಕಿ, ಮೂತಿಯ ಸೆನ್ಸರ್ ಕೂರಿಸಿ. ಎಲ್ಲ ಹತ್ತಕ್ಕೂ ಬೇಕಿಲ್ಲ, ಹೊರಗಿನವು ಕಣ್ಣಿಗೂ ಗೇಜಿಗೂ ಸಿಗುತ್ತವೆ.

ಟ್ಯೂಬ್‌ಲೆಸ್ ರೇಡಿಯಲ್ ಟೈರ್ ಹಾಕಿದ ಸ್ವಂತ ಗಾಡಿಗಳ ಕ್ರಷರ್‌ಗೆ ಒಳಗಿನ ಸೆನ್ಸರ್ ಯೋಗ್ಯ, ಕಚೇರಿಗೂ ಎಚ್ಚರಿಕೆ ಬರುವಂಥದ್ದು. 23.5-25 ಅಳತೆಯ ಟೈರ್ ಇರುವ ಲೋಡರ್ ಮೊದಲ ಸಾಲಿನಲ್ಲಿ ಬರಬೇಕು. ಅದರ ಒಂದು ಟೈರ್‌ನ ಬೆಲೆಯ ಮುಂದೆ ಸೆನ್ಸರ್ ಖರ್ಚು ಗಣನೆಗೇ ಬರುವುದಿಲ್ಲ, ಅದು ನಿಂತರೆ ಟಿಪ್ಪರ್‌ಗಳೆಲ್ಲ ಸಾಲುಗಟ್ಟಿ ನಿಲ್ಲುತ್ತವೆ.

ಗಣಿ ಡಂಪರ್ ಇರುವ ಕಡೆ ಒತ್ತಡದ ಜೊತೆ ಇನ್ನೊಂದು ಲೆಕ್ಕ ಸೇರುತ್ತದೆ: ಟೈರ್ ಮೇಲಿನ ಸರಾಸರಿ ಟನ್ ಭಾರವನ್ನು ಸರಾಸರಿ ವೇಗದಿಂದ ಗುಣಿಸಿದ ಅಂಕಿ, ಟಿಕೆಪಿಎಚ್ (ಗಂಟೆಗೆ ಟನ್-ಕಿಲೋಮೀಟರ್). ಖಾಲಿ ಇರುವಾಗ ಒಂದು ಟೈರ್ ಮೇಲೆ 7 ಟನ್, ಲೋಡ್ ಇರುವಾಗ 13 ಟನ್ ಎಂದರೆ ಸರಾಸರಿ 10. ಹೋಗಿ ಬರುವ ದಾರಿ 4 ಕಿಲೋಮೀಟರ್, ಎಂಟು ಗಂಟೆಯ ಪಾಳಿಯಲ್ಲಿ 30 ಟ್ರಿಪ್ ಎಂದರೆ ಗಂಟೆಗೆ 15 ಕಿಲೋಮೀಟರ್. ಗುಣಿಸಿದರೆ 150. ಟೈರ್ ಕಂಪನಿ ಕೊಟ್ಟ ಅಂಕಿ ಇದಕ್ಕಿಂತ ಮೇಲಿರಬೇಕು. ಆ ಅಂಕಿಯನ್ನು 38 ಡಿಗ್ರಿಯ ಹೊರಗಾಳಿಗೆ ಹಿಡಿದು ಕೊಟ್ಟಿರುತ್ತಾರೆ. ಬಳ್ಳಾರಿ ಕಡೆಯ ಮೇ ತಿಂಗಳಲ್ಲಿ ಅದನ್ನು ದಾಟುವುದು ಮಾಮೂಲು, ಆಗ ಟೈರ್‌ನ ಶಕ್ತಿ ಅಷ್ಟು ಕಡಿಮೆ ಎಂದೇ ತಿಳಿಯಬೇಕು. ದಾರಿ ಉದ್ದವಾದಾಗ, ಟ್ರಿಪ್ ಹೆಚ್ಚಿಸಿದಾಗ ಈ ಲೆಕ್ಕವನ್ನು ಮತ್ತೆ ಮಾಡಬೇಕು. ಮಿತಿಯ ಹತ್ತಿರ ಓಡುವ ಡಂಪರ್‌ಗೆ ಒಳಗಿನ ಸೆನ್ಸರ್ ಮತ್ತು ಆವರಣದಲ್ಲೇ ನೈಟ್ರೋಜನ್ ಎರಡೂ ಬೇಕೆಂಬುದು ನನ್ನ ಖಚಿತ ಮಾತು.

ಯಾವ ದಾರಿ ಹಿಡಿದರೂ ಗಾಳಿ ತುಂಬುವ ಜಾಗದ ನಿಯಮ ಬದಲಾಗುವುದಿಲ್ಲ. ಲಾಕ್ ರಿಂಗ್ ಇರುವ ಬಿಡಿ ತುಂಡುಗಳ ರಿಮ್ಮಿಗೆ ಗಾಳಿ ತುಂಬುವಾಗ, ರಿಂಗ್ ಸಿಡಿದರೆ ತಡೆಯಲು, ಚಕ್ರದ ಸುತ್ತ ಕಬ್ಬಿಣದ ಪಂಜರ ಬೇಕು. ವಾಲ್ವಿಗೆ ಕಚ್ಚಿಕೊಳ್ಳುವ ಮೂತಿ, ಉದ್ದನೆಯ ಹೋಸು ಬೇಕು. ತುಂಬುವವನು ರಿಂಗಿನ ಎದುರು ನಿಲ್ಲಬಾರದು. ಇರಬೇಕಾದ ಗಾಳಿಯ ಶೇ 80ಕ್ಕಿಂತ ಕೆಳಗೆ ಓಡಿದ ಟೈರ್‌ಗೆ ಹಾಗೆಯೇ ಗಾಳಿ ಏರಿಸದೆ, ಪೂರ್ತಿ ಬಿಟ್ಟು, ಬಿಚ್ಚಿ, ಒಳಮೈ ಸುಟ್ಟಿದೆಯೇ ರಿಂಗ್ ಜಾರಿದೆಯೇ ಎಂದು ನೋಡಿಯೇ ಮುಂದುವರಿಯಬೇಕು. ಜೋಡಿ ಚಕ್ರದ ನಟ್ಟು ಸಡಿಲಿಸುವ ಮೊದಲು ಎರಡೂ ಟೈರ್‌ಗಳ ಗಾಳಿ ತೆಗೆದಿರಬೇಕು. ಸೆನ್ಸರ್ ಕೊಳ್ಳಲು ಹಣವಿದ್ದು ಪಂಜರ ಇಲ್ಲದಿದ್ದರೆ ಮೊದಲು ಪಂಜರ ಕೊಳ್ಳಿ, ಊರಿನ ವೆಲ್ಡಿಂಗ್ ಅಂಗಡಿಯವರ ಬಳಿ ಅಂದಾಜಿಗೆ ಬೆಸೆಯಿಸುವ ಬದಲು ಒತ್ತಡಕ್ಕೆ ತಕ್ಕಂತೆ ತಯಾರಾದದ್ದನ್ನೇ ತರಿಸಿ.

ಸೆನ್ಸರ್ ಮಾರುವವರು ಬಂದಾಗ ಅಂಗಳದ ಹೊಸ ಗಾಡಿಯ ಮುಂದಿನ ಚಕ್ರದಲ್ಲಿ ತೋರಿಸಲು ಬಿಡಬೇಡಿ. ಕೆಸರು ಮೆತ್ತಿದ ಹಳೆಯ ಗಾಡಿಯ ಹಿಂದಿನ ಒಳ ಟೈರ್‌ಗೇ ಹಾಕಿಸಿ, ಲೋಡ್ ಸಹಿತ ಒಂದು ವಾರ ಓಡಿಸಿ. ಸಂಕೇತ ಕ್ಯಾಬಿನ್‌ಗೆ ತಪ್ಪದೆ ತಲುಪುತ್ತದೆಯೇ, ನಡುವೆ ಸಂಕೇತವನ್ನು ಮುಂದಕ್ಕೆ ದಾಟಿಸುವ ರಿಪೀಟರ್ ಬೇಕೇ, ಬೆಳಗಿನ ತಣ್ಣನೆಯ ಅಂಕಿ ಕಚೇರಿಯ ಗೇಜಿಗೆ ಎಷ್ಟು ಹತ್ತಿರವಿದೆ, ಒಂದು ಸೆನ್ಸರ್ ಒಡೆದರೆ ಬಿಡಿಯಾಗಿ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಸಿಗುತ್ತದೆಯೇ, ಸಿಗಲು ಎಷ್ಟು ದಿನ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.